ಜಲಪಾತ ಚಾರಣ: ಆಯ್ಕೆಗೆ ಮುನ್ನ

ಮುಂಗಾರು ಕಾಲಿಟ್ಟೊಡನೆ ಮಲೆನಾಡಿನ ಜಲಪಾತಗಳತ್ತ ನಗರವಾಸಿಗಳ ದಂಡು ಹೊರಡುತ್ತದೆ. ಎಲ್ಲಿಗೆ ಎಂಬುದು ಬಹುಪಾಲು ಚಿತ್ರ ನೋಡಿಯೇ ತೀರ್ಮಾನವಾಗುತ್ತದೆ. ಆದರೆ ಚಿತ್ರದ ಸೊಬಗಾಗಲೀ ಧುಮುಕುವ ಎತ್ತರವಾಗಲೀ ಚಾರಣದ ಸ್ವರೂಪವನ್ನು ತಿಳಿಸುವುದಿಲ್ಲ. ನೀರು ಎಲ್ಲಿಂದ ಬರುತ್ತದೆ, ನಡೆದು ಹೋದವರು ಕೊನೆಗೆ ಎಲ್ಲಿ ನಿಲ್ಲುತ್ತಾರೆ ಎಂಬ ಎರಡು ಪ್ರಶ್ನೆಗಳು ಅದಕ್ಕಿಂತ ಮುಖ್ಯ.

ನದಿಯಿಂದಲೇ ಆರಂಭಿಸಬಹುದು. ಶರಾವತಿ 253 ಮೀಟರ್ ಆಳಕ್ಕೆ ಧುಮ್ಮಿಕ್ಕುವ ಜೋಗಕ್ಕೆ ಸಾಟಿಯಿಲ್ಲ, ನಿಜ. ಆದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಅದರ ಮೇಲ್ಭಾಗದಲ್ಲಿದೆ. ಮಳೆ ನಿಂತ ಬಳಿಕ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೊರಗುತ್ತವೆ. ಜಲಾಶಯ ತುಂಬಿ ಗೇಟು ತೆರೆದ ಸುದ್ದಿ ಬಂದಾಗ ಹೊರಡುವುದೇ ಜಾಣತನ. ಅತ್ತ ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯದು ಬೇರೆಯೇ ಕಥೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಮಳೆ ಹೊಳವಾದ ಮೇಲೂ 116 ಮೀಟರ್ ಎತ್ತರದ ಈ ಜಲಪಾತ ಮೈದುಂಬಿಕೊಂಡೇ ಇರುತ್ತದೆ. ಕಿವಿಗಡಚಿಕ್ಕುವ ಸದ್ದಿನಿಂದಾಗಿ ಸ್ಥಳೀಯರು ಇದನ್ನು ಕೆಪ್ಪ ಜೋಗವೆಂದೂ ಕರೆಯುತ್ತಾರೆ.

ಇನ್ನು ನಿಲ್ಲುವ ಜಾಗ. ಜೋಗ, ಉಂಚಳ್ಳಿ, ಯಲ್ಲಾಪುರ ಬಳಿ ಬೇಡ್ತಿ ನದಿಯ ಮಾಗೋಡು ಇವನ್ನೆಲ್ಲ ದೂರದ ವೀಕ್ಷಣಾ ಸ್ಥಳದಿಂದ ನೋಡಬಹುದು. ಜುಲೈ, ಆಗಸ್ಟ್ ತಿಂಗಳಿಗೆ ಇಂಥವೇ ತಕ್ಕವು. ಮಂಜು ಮುಸುಕಿ ಏನೂ ಕಾಣದಿರುವ ದಿನಗಳೂ ಉಂಟು. ಅದಕ್ಕೆ ತಾಳ್ಮೆಯೇ ಮದ್ದು. ಹೆಬ್ರಿ ಸಮೀಪ ಸೀತಾನದಿಯ ಕೂಡ್ಲು ತೀರ್ಥದಂಥ ಕಡೆ ಹಾಗಲ್ಲ. ಅಲ್ಲಿ ಕಾಡಿನ ದಾರಿಯಲ್ಲಿ ನಡೆದು ಜಲಪಾತದ ಬುಡಕ್ಕೇ ತಲುಪಬೇಕು. ಪಾಚಿಗಟ್ಟಿದ ಬಂಡೆ, ಆಳ ಗೊತ್ತಾಗದ ಮಡು, ಹಠಾತ್ತನೆ ಏರುವ ನೀರು, ಇವೇ ಅಪಾಯಗಳು. ಎದುರಿಗೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದಿದ್ದರೆ ಕೆಲವೇ ನಿಮಿಷಗಳಲ್ಲಿ ಹಳ್ಳ ಉಕ್ಕುತ್ತದೆ. ತಿಳಿನೀರು ಕೆಂಪಾಗುವುದು, ತರಗೆಲೆ, ಕಡ್ಡಿಗಳು ತೇಲಿಬರುವುದು ಅದರ ಮುನ್ಸೂಚನೆ. ಆಗ ಬಟ್ಟೆ, ಚೀಲ ಹುಡುಕುತ್ತ ನಿಲ್ಲದೆ ದಡದ ಎತ್ತರಕ್ಕೆ ಏರಬೇಕು. 2023ರ ಜುಲೈನಲ್ಲಿ ಕೊಲ್ಲೂರು ಸಮೀಪದ ಅರಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ಜಲಪಾತ ನೋಡುತ್ತಿದ್ದ ಯುವಕ ಕಾಲು ಜಾರಿ ನೀರುಪಾಲಾದ. ಶವ ದೊರೆತದ್ದು ಸುಮಾರು ಒಂದು ವಾರದ ಬಳಿಕ. ಆತ ಈಜಲು ಇಳಿದಿರಲಿಲ್ಲ ಎಂಬುದು ಗಮನಾರ್ಹ.

ನಡಿಗೆಯೇ ಮುಖ್ಯವೆನ್ನುವವರಿಗೆ ಬೆಳ್ತಂಗಡಿ ತಾಲ್ಲೂಕಿನ ಬಂಡಾಜೆ ಅರ್ಬಿ ಇದೆ. ತುಳುವಿನಲ್ಲಿ ಅರ್ಬಿ ಎಂದರೆ ಜಲಪಾತ. ಮೂಡಿಗೆರೆ ಕಡೆಯ ಬಲ್ಲಾಳರಾಯನ ದುರ್ಗದಿಂದ ಹುಲ್ಲುಗಾವಲು ದಾಟಿ ಬಂದರೆ ತಲುಪುವುದು ಅದರ ನೆತ್ತಿಗೆ. ನೀರು ಪ್ರಪಾತಕ್ಕೆ ಜಾರುವ ಅಂಚನ್ನು ಸಮೀಪಿಸದಿರುವ ಸಂಯಮ ಉಳ್ಳವರಿಗಷ್ಟೇ ಈ ದಾರಿ. ಮಳೆ ಇಳಿದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಸಿರೂ ನೀರೂ ಎರಡೂ ಸಿಗುತ್ತವೆ. ಬೇಸಿಗೆಯಲ್ಲಿ ಬರಿಯ ಬಂಡೆ. ಮಕ್ಕಳು, ಹಿರಿಯರು ಜತೆಗಿದ್ದರೆ ಯಲ್ಲಾಪುರದ ಸಾತೊಡ್ಡಿ ಲೇಸು. ಎತ್ತರ ಸುಮಾರು 15 ಮೀಟರ್ ಮಾತ್ರ, ನಡಿಗೆಯೂ ಅಲ್ಪ.

ಗೋವಾ ಗಡಿಯ ದೂಧ್‌ಸಾಗರಕ್ಕೆ ರೈಲು ಹಳಿಯ ಮೇಲೆ ನಡೆದು ಹೋಗುವ ಹಳೆಯ ರೂಢಿಯನ್ನು ಕೈಬಿಡಲೇಬೇಕು. ಹಳಿಯ ಮೇಲಿನ ಅಕ್ರಮ ನಡಿಗೆ ದಂಡನಾರ್ಹ ಅಪರಾಧ. ರೈಲಿನ ಕಿಟಕಿಯಿಂದ ಕಾಣುವ ನೋಟವೇನೂ ಕಡಿಮೆಯದಲ್ಲ.

ಕಾಡಿನೊಳಗಿನ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿ ಸೇರಿದ ನಂತರ ನಿಯಮ ಬಿಗಿಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಆರಂಭಗೊಂಡು, ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿ ಬಂತು. ಮಳೆ ಹೆಚ್ಚಾದಾಗ ಪ್ರವೇಶ ನಿರ್ಬಂಧಿಸುವುದುಂಟು. ಆದ್ದರಿಂದ ಹೊರಡುವ ಮುನ್ನಾದಿನ ವಿಚಾರಿಸುವುದು ಒಳಿತು.

ಮಳೆಗಾಲದಲ್ಲಿ ಇಂಬಳದ ಕಾಟಕ್ಕೆ ಉಪ್ಪು ಸಾಕು. ಉಣ್ಣೆ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಉಣ್ಣೆ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಹಾವಳಿ ಹೆಚ್ಚು. ಈ ಅವಧಿಯಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಭಾಗದ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಡಬೇಕು. ಮಂಗ ಸತ್ತುಬಿದ್ದ ಸುದ್ದಿಯಿರುವ ಕಡೆ ಸುಳಿಯಬಾರದು. ಮರಳಿದ ಮೇಲೆ ಜ್ವರ ಕಾಣಿಸಿದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.