ಶರಾವತಿ ದಾಟಿದ ರೈಲು
ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಭೂಪಟದಲ್ಲಿ ನೋಡಿ: ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಗುಡ್ಡ, ಹೊಳೆ. 1990ರಲ್ಲಿ ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಆರಂಭವಾದ ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ಣಗೊಂಡಿತು. ಏರು 150ಕ್ಕೆ 1ನ್ನು ಮೀರದಂತೆ ಅದನ್ನು ರೂಪಿಸಲಾಯಿತು. ಏಕೆ ಗೊತ್ತೇ? ಆ ಏರಿನಲ್ಲೂ 1500 ಟನ್ನಿನ ರೈಲನ್ನು ಗುರುತ್ವವು 10 ಟನ್ ತೂಕದಷ್ಟು ಬಲದಿಂದ ಹಿಂದಕ್ಕೆಳೆಯುತ್ತದೆ. ಹಾಗಾಗಿ ಗುಡ್ಡ ಹತ್ತುವ ಬದಲು ಸುರಂಗ ಕೊರೆದರು. ಹೊನ್ನಾವರದಲ್ಲಿ ಶರಾವತಿಗೆ 2 ಕಿ.ಮೀ.ಗೂ ಉದ್ದದ ಸೇತುವೆ ಕಟ್ಟಿದರು.

ಈ ಊರುಗಳ ನಡುವೆ ಅರ್ಧ ಗಂಟೆಗೊಂದು ಲಘು ರೈಲು ಓಡಬಾರದೇಕೆ? ಹಲವು ಗಾಲಿಗಳಿಗೆ ಮೋಟಾರು ಇರುವುದರಿಂದ ಅದು ಕಡಿದಾದ ಏರನ್ನೂ ಹತ್ತಬಲ್ಲದು. ಆದರೆ ಇಲ್ಲಿರುವುದು ಒಂಟಿ ಹಳಿ. ಎದುರು ರೈಲಿಗಾಗಿ ನಿಲ್ದಾಣದಲ್ಲೇ ಕಾಯಬೇಕು. ಎರಡನೆಯ ಹಳಿ ಹಾಕುವುದಾದರೆ ಶರಾವತಿಗೆ ಇನ್ನೊಂದು ಸೇತುವೆಯೂ ಬೇಕು. ನಿಮ್ಮ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಿ.