ಅರ್ಜಿ ಹಾಕೋದು ಅವಮಾನ ಅಲ್ಲ ಮೇಷ್ಟ್ರೇ

ಸೆಪ್ಟೆಂಬರ್ 5 ಹತ್ತಿರ ಬಂದಾಗಲೆಲ್ಲ ಶಿಕ್ಷಕರ ವಲಯದಲ್ಲಿ ಒಂದು ಮಾತು ಕೇಳಿಬರುತ್ತೆ. ‘ಪ್ರಶಸ್ತಿಗೂ ನಾವೇ ಅರ್ಜಿ ಹಾಕಬೇಕಾ? ಕೇಳಿ ಇಸ್ಕೊಂಡ್ರೆ ಅದು ಪ್ರಶಸ್ತಿ ಹೇಗಾಗುತ್ತೆ?’ ಮಾತಿನಲ್ಲಿ ಸ್ವಾಭಿಮಾನ ಇದೆ, ನಿಜ. ಆದರೆ ಇತಿಹಾಸ ನೋಡಿದರೆ ಬೇರೆಯದೇ ಪ್ರಶ್ನೆ ಏಳುತ್ತೆ. ಅರ್ಜಿ ಹಾಕೋದು ಸರಿಯೋ ತಪ್ಪೋ ಅನ್ನೋದಕ್ಕಿಂತ, ಆ ಅರ್ಜಿಯಲ್ಲಿ ಏನು ಕೇಳ್ತಾರೆ ಅನ್ನೋದು ಮುಖ್ಯ.

1848ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದರು. ಆಮೇಲೆ ಅಸ್ಪೃಶ್ಯ ಮಕ್ಕಳಿಗೂ ಶಾಲೆ ಶುರುವಾಯಿತು. ಬರೀ ಆದರ್ಶದಿಂದ ಶಾಲೆ ನಡೆಯುತ್ತಾ? ಸ್ಲೇಟು, ಬಾಡಿಗೆ, ಸಂಬಳ ಎಲ್ಲಕ್ಕೂ ದುಡ್ಡು ಬೇಕು. ಪೇಶ್ವೆಗಳ ಕಾಲದಲ್ಲಿ ಬ್ರಾಹ್ಮಣ ವಿದ್ವಾಂಸರಿಗೆ ಹಂಚುತ್ತಿದ್ದ ದಕ್ಷಿಣೆಯ ನಿಧಿ ಆಗ ಬ್ರಿಟಿಷರ ಕೈಯಲ್ಲಿತ್ತು. ಅದೇ ನಿಧಿಯಿಂದ ಈ ಶಾಲೆಗಳಿಗೆ ಸಹಾಯಧನ ಸಿಕ್ಕಿತು. 1852ರ ನವೆಂಬರ್‌ನಲ್ಲಿ ಪುಣೆಯ ವಿಶ್ರಾಮಬಾಗ್ ವಾಡೆಯಲ್ಲಿ ಸರ್ಕಾರ ಫುಲೆಯವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿತು. ಸರ್ಕಾರದ ದುಡ್ಡು, ಸರ್ಕಾರದ ಶಾಲು ಎರಡನ್ನೂ ಅವರು ತೆಗೆದುಕೊಂಡರು. ಅದರಿಂದ ಅವರೇನು ಸಣ್ಣವರಾದರಾ?

ಎರಡು ವರ್ಷ ಕಳೆದು, 1854ರಲ್ಲಿ ಚಾರ್ಲ್ಸ್ ವುಡ್ ಅವರ ಶಿಕ್ಷಣ ಆದೇಶ ಬಂತು. ಖಾಸಗಿ ಶಾಲೆಗಳಿಗೆ ಸರ್ಕಾರ ಅನುದಾನ ಕೊಡುವ ವ್ಯವಸ್ಥೆ ದೇಶದಾದ್ಯಂತ ನೆಲೆಯೂರಿದ್ದು ಇಲ್ಲಿಂದ. ಇವತ್ತಿಗೂ ನಾವು ‘ಅನುದಾನಿತ ಶಾಲೆ’ ಅಂತೀವಲ್ಲ, ಅದರ ಬೇರು ಇದೇ. ಆದರೆ ಷರತ್ತುಗಳಿದ್ದವು. ಆಡಳಿತ ಸರಿಯಾಗಿರಬೇಕು, ಇನ್‌ಸ್ಪೆಕ್ಟರ್ ಬಂದರೆ ಬಾಗಿಲು ತೆರೆಯಬೇಕು, ಮಕ್ಕಳಿಂದ ಸ್ವಲ್ಪವಾದರೂ ಶುಲ್ಕ ತೆಗೆದುಕೊಳ್ಳಬೇಕು. ಕೊನೆಯ ಷರತ್ತನ್ನು ಮತ್ತೊಮ್ಮೆ ಓದಿ. ಶುಲ್ಕ ಕೊಡಲಾಗದ ಮಗುವಿಗೇ ಶಾಲೆ ತೆರೆದವನು ಏನು ಮಾಡಬೇಕು?

ಅತ್ತ ಇಂಗ್ಲೆಂಡಿನಲ್ಲಿ 1862ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಎಷ್ಟು ಮಕ್ಕಳು ಹಾಜರಿದ್ದರು, ಇನ್‌ಸ್ಪೆಕ್ಟರ್ ಮುಂದೆ ಎಷ್ಟು ಮಂದಿ ಓದು, ಬರಹ, ಲೆಕ್ಕದಲ್ಲಿ ಪಾಸಾದರು ಅನ್ನೋದನ್ನು ನೋಡಿ ದುಡ್ಡು. ಫಲಿತಾಂಶ ಕೊಡು, ಅನುದಾನ ತಗೋ. ಎಂಜಿನಿಯರಿಂಗ್ ಓದಿದ ನನಗೆ ಮೊದಲು ಇದು ಬಹಳ ಸರಿ ಅನ್ನಿಸುತ್ತೆ. ಅಳತೆ ಇಲ್ಲದೆ ಗುಣಮಟ್ಟ ಹೇಗೆ? ಆದರೆ ಯಾವುದನ್ನು ಅಳೆಯುತ್ತೀವೋ ಜನ ಅದನ್ನೇ ತಯಾರು ಮಾಡ್ತಾರೆ ಅನ್ನೋದೂ ಅಷ್ಟೇ ನಿಜ. ಪರೀಕ್ಷೆಗೆ ಬೇಕಾದಷ್ಟನ್ನು ಉರು ಹೊಡೆಸುವುದೇ ಪಾಠವಾಯಿತು. ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ತಮ್ಮ ವರದಿಗಳಲ್ಲೇ ಇದನ್ನು ವಿರೋಧಿಸಿದರು.

ಆ ಪದ್ಧತಿ ನಮ್ಮಲ್ಲಿಗೂ ಬಂತು. 1882ರಲ್ಲಿ ಹಂಟರ್ ಆಯೋಗ ದೇಶದ ಶಿಕ್ಷಣವನ್ನು ಪರಿಶೀಲಿಸಿದಾಗ ಮುಂಬೈ ಪ್ರಾಂತ್ಯದಿಂದ ಹೇಳಿಕೆ ಕೊಟ್ಟವರಲ್ಲಿ ಜ್ಯೋತಿಬಾ ಫುಲೆ ಒಬ್ಬರು. ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಫುಲೆ ನೇರವಾಗಿ ಹೇಳಿದರು: ಫಲಿತಾಂಶ ನೋಡಿ ದುಡ್ಡು ಕೊಡುವ ಪದ್ಧತಿ ಬಡವರ ನಡುವೆ ಶಿಕ್ಷಣ ಬೆಳೆಸಲು ತಕ್ಕದ್ದಲ್ಲ. ಓದಿನ ರುಚಿಯೇ ಇನ್ನೂ ಹುಟ್ಟದ ಕಡೆ ಯಾವ ಶಿಕ್ಷಕ ಸ್ವಂತ ಜವಾಬ್ದಾರಿಯಲ್ಲಿ ಶಾಲೆ ತೆರೆದಾನು? ಅವನ ಹೊಟ್ಟೆ ತುಂಬಬೇಕಲ್ಲ! ಮೂವತ್ತು ವರ್ಷ ಹಿಂದೆ ಅನುದಾನ ಮತ್ತು ಶಾಲು ಎರಡನ್ನೂ ಪಡೆದಿದ್ದವರ ಮಾತಿದು. ಆಯೋಗ ಕೇಳಲಿಲ್ಲ. ಪ್ರಾಥಮಿಕ ಶಾಲೆಗಳಿಗೆ ಆ ಪದ್ಧತಿಯನ್ನೇ ಶಿಫಾರಸು ಮಾಡಿತು. ಸರ್ಕಾರ ಅದರಿಂದ ಹಿಂದೆ ಸರಿಯೋಕೆ ಕರ್ಜನ್ ಕಾಲ, ಅಂದರೆ 20ನೇ ಶತಮಾನವೇ ಬರಬೇಕಾಯಿತು.

ಈಗ ನಮ್ಮ ಕಾಲಕ್ಕೆ ಬರೋಣ. ಶಿಕ್ಷಕರಿಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿ ಶುರುವಾಗಿದ್ದು 1958ರಲ್ಲಿ. ದಶಕಗಳ ಕಾಲ ಹೆಸರುಗಳು ರಾಜ್ಯ ಸರ್ಕಾರಗಳ ಮೂಲಕವೇ ದಿಲ್ಲಿಗೆ ಹೋಗುತ್ತಿದ್ದವು. ‘ಯಾರ ಶಿಫಾರಸು?’ ಅನ್ನುವ ಪಿಸುಮಾತೂ ಜೊತೆಗೇ ಇತ್ತು. 2018ರಲ್ಲಿ ನಿಯಮ ಬದಲಾಯಿತು. ಶಿಕ್ಷಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಜಿಲ್ಲಾ ಸಮಿತಿ, ರಾಜ್ಯ ಸಮಿತಿ ದಾಟಿ ರಾಷ್ಟ್ರಮಟ್ಟದ ತೀರ್ಪುಗಾರರ ಮುಂದೆ ತಮ್ಮ ಕೆಲಸವನ್ನು ತಾವೇ ವಿವರಿಸಬೇಕು. ಮುನ್ನೂರಕ್ಕೂ ಹೆಚ್ಚು ಇರುತ್ತಿದ್ದ ಪ್ರಶಸ್ತಿಗಳು ಆ ವರ್ಷ 45ಕ್ಕೆ ಇಳಿದವು.

ಇದನ್ನು ನಾನು ಸ್ವಾಗತಿಸುತ್ತೇನೆ. ಯಾರ ಮನೆ ಬಾಗಿಲಿಗೂ ಹೋಗದೆ ತನ್ನ ಕೆಲಸವನ್ನು ತಾನೇ ಮುಂದಿಡಬಹುದು ಅನ್ನೋದು ಶಿಕ್ಷಕರಿಗೆ ಸಿಕ್ಕ ಹಕ್ಕು. ಆದರೆ ಈ ಅರ್ಜಿಗೆ ಪೋರ್ಟ್‌ಫೋಲಿಯೊ ಬೇಕು. ದಾಖಲೆ, ಫೋಟೊ, ವಿಡಿಯೊ ಎಲ್ಲ ಅಪ್‌ಲೋಡ್ ಆಗಬೇಕು. ಏಕೋಪಾಧ್ಯಾಯ ಶಾಲೆಯ ಟೀಚರ್ ಒಬ್ಬರನ್ನು ನೆನಪಿಸಿಕೊಳ್ಳಿ. ಐದು ತರಗತಿ, ಬಿಸಿಯೂಟದ ಲೆಕ್ಕ, ಗುಳೆ ಹೋದ ಕುಟುಂಬದ ಮಗುವನ್ನು ವಾಪಸ್ ಕರೆತರುವ ಓಡಾಟ. ಆ ಮಗುವಿನ ಮನೆಗೆ ನಾಲ್ಕು ಸಲ ಹೋಗಿ ಬಂದದ್ದರ ವಿಡಿಯೊ ಎಲ್ಲಿಂದ ತರ್ತಾರೆ? ಸೌಲಭ್ಯ ಇರುವ ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್‌ನ ವಿಡಿಯೊ ಮಾಡೋದು ಸುಲಭ. ಅವರದ್ದೂ ಕೆಲಸವೇ, ಅಲ್ಲ ಅನ್ನಲ್ಲ. ಆದರೆ ತೋರಿಸಲು ಸುಲಭವಾದದ್ದಕ್ಕೆ ಮಾತ್ರ ಅಂಕ ಬಿದ್ದರೆ, ನಾವು ಮತ್ತೆ 1862ಕ್ಕೇ ಹೋಗಿ ನಿಂತ ಹಾಗೆ.

ಹಾಗಾಗಿ ಅಧಿಕಾರಿಗಳಿಗೆ ನನ್ನದೊಂದು ಮಾತು. ಅರ್ಜಿ ಬರಲಿ ಅಂತ ಕಾಯುತ್ತಾ ಕೂರಬೇಡಿ. ಬಿಇಒ ಸಾಹೇಬರು, ಸಿಆರ್‌ಪಿಗಳು ಶಾಲೆಗೆ ಹೋಗಿ, ‘ಮೇಡಂ, ನಿಮ್ಮ ಕೆಲಸ ನಾವು ಬರೆದುಕೊಡ್ತೀವಿ’ ಅನ್ನಲಿ. ಎಸ್‌ಡಿಎಂಸಿಯ ತಾಯಂದಿರು ಹೇಳುವ ಮಾತೂ ದಾಖಲೆ ಅನ್ನಿಸಿಕೊಳ್ಳಲಿ. ಶಾಲೆ ಎಲ್ಲಿದೆ, ಮಕ್ಕಳು ಯಾವ ಮನೆಯಿಂದ ಬರ್ತಾರೆ ಅನ್ನೋದಕ್ಕೂ ತೂಕ ಇರಲಿ.

ಶಿಕ್ಷಕರಿಗೂ ಒಂದು ಮಾತು. ಸಂಕೋಚ ಬಿಡಿ, ಅರ್ಜಿ ಹಾಕಿ. ಪ್ರಶಸ್ತಿ ಬರದಿದ್ದರೂ ನಿಮ್ಮ ಶಾಲೆಯ ಕಥೆ ಸರ್ಕಾರದ ಒಂದು ಕಡತದಲ್ಲಾದರೂ ಉಳಿಯುತ್ತೆ. ಫುಲೆ 1882ರಲ್ಲಿ ಆಡಿದ ಮಾತು ಇವತ್ತು ನಮಗೆ ಸಿಕ್ಕಿದೆ ಅಂದರೆ, ಅವರು ಅದನ್ನು ಬರೆದು ಕೊಟ್ಟಿದ್ದರು. ಅಷ್ಟೇ.