ತಾವುಲ್‌ನ ಬರಿಗೋಡೆ

ಸ್ಪೇನಿನ ಕತಲೋನಿಯಾದಲ್ಲಿ, ಪಿರನೀಸ್ ಪರ್ವತಗಳ ನಡುವಿನ ಬೊಯಿ ಕಣಿವೆಯಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿ ತಾವುಲ್ ಎಂಬ ಹಳ್ಳಿಯಿದೆ. ಇಷ್ಟು ಪುಟ್ಟ ಊರಿನಲ್ಲಿ 1123ರ ಡಿಸೆಂಬರ್ 10ರಂದು ಸಂತ ಕ್ಲೆಮೆಂಟರ ಚರ್ಚ್, ಮರುದಿನವೇ ಸಂತ ಮರಿಯಮ್ಮನ ಚರ್ಚ್ ಪ್ರತಿಷ್ಠೆಯಾದವು. ಎರಡನ್ನೂ ನೆರವೇರಿಸಿದವರು ರೋಡಾ-ಬಾರ್ಬಾಸ್ತ್ರೋದ ಬಿಷಪ್ ರಾಮೋನ್. ಕ್ಲೆಮೆಂಟರ ಚರ್ಚಿನ ಕಂಬದ ಮೇಲಿದ್ದ ಲ್ಯಾಟಿನ್ ಶಾಸನವೇ ತನ್ನ ದಿನವನ್ನು ಹೇಳುತ್ತದೆ. ಉಳಿಯಿಂದ ಕೆತ್ತಿದ್ದಲ್ಲ ಅದು, ಕುಂಚದಿಂದ ಬರೆದದ್ದು. ಆದರೂ ಅಳಿಯದೆ ಉಳಿಯಿತು.

ಕಟ್ಟಡದಲ್ಲಿ ಆಡಂಬರವಿಲ್ಲ. ದಪ್ಪ ದುಂಡುಕಂಬಗಳ ಎರಡು ಸಾಲು ಒಳಾಂಗಣವನ್ನು ಮೂರು ಅಂಕಣಗಳಾಗಿ ಒಡೆಯುತ್ತವೆ, ಮೇಲೆ ಮರದ ಮಾಡು. ಪೂರ್ವಕ್ಕೆ ಮೂರು ಅರ್ಧವೃತ್ತದ ಗೂಡುಗಳು. ಬಲಿಪೀಠವಿರುವುದು ನಡುವಿನದರಲ್ಲಿ. ಇಡೀ ಸೊಬಗು ಹೊರಗಿನ ಗಂಟೆಗೋಪುರಕ್ಕೆ ಸೇರಿದ್ದು. ಚೌಕಾಕಾರದ ಬುಡದ ಮೇಲೆ ಆರು ಅಂತಸ್ತು. ಒಂದೊಂದು ಅಂತಸ್ತಿಗೂ ಪುಟ್ಟ ಕಮಾನುಗಳ ಪಟ್ಟಿ. ಉತ್ತರ ಇಟಲಿಯ ಲೊಂಬಾರ್ಡಿಯ ಕಡೆಯಿಂದ ಬಂದ ಶೈಲಿ ಇದು. ಗೋಡೆ ಮೇಲೇರಿದಂತೆ ಜೋಡಿ ಕಿಟಕಿಗಳು ಬಾಯ್ದೆರೆದು ಕಲ್ಲಿನ ಭಾರವನ್ನು ಇಳಿಸುತ್ತವೆ.

ಒಳಗಿನ ಚಿತ್ರದ ಮಾತೇ ಬೇರೆ. ನಡುಗೂಡಿನ ಬಾಗಿದ ಗೋಡೆಯಲ್ಲಿ ಕ್ರಿಸ್ತ ಕುಳಿತಿದ್ದಾನೆ: ಬಲಗೈ ಹರಸುತ್ತಿದೆ, ಎಡಗೈಯ ತೆರೆದ ಪುಸ್ತಕದಲ್ಲಿ ‘ನಾನು ಲೋಕದ ಬೆಳಕು’ ಎಂಬ ಲ್ಯಾಟಿನ್ ಬರಹ. ಹಿನ್ನೆಲೆಯ ನೀಲಿ ಪಿರನೀಸ್‌ನಲ್ಲೇ ಸಿಗುವ ಏರಿನೈಟ್ ಎಂಬ ಖನಿಜದ್ದು. ನನ್ನ ಕಣ್ಣು ಮಾತ್ರ ಪಕ್ಕದ ಕಮಾನಿಗೇ ಹೋಗುತ್ತದೆ. ಅಲ್ಲಿ ಬೈಬಲ್ ಕಥೆಯ ಬಡ ಲಾಜರ ಸಿರಿವಂತನ ಬಾಗಿಲಲ್ಲಿ ಬಿದ್ದಿದ್ದಾನೆ, ನಾಯಿಯೊಂದು ಅವನ ಹುಣ್ಣು ನೆಕ್ಕುತ್ತಿದೆ. ಚಿತ್ರಕಾರನ ಹೆಸರು ಯಾರಿಗೂ ಗೊತ್ತಿಲ್ಲ. ‘ತಾವುಲ್‌ನ ಗುರು’ ಎಂದೇ ಕರೆಯುತ್ತಾರೆ.

1919ರ ಹೊತ್ತಿಗೆ ಕಲಾವಸ್ತುಗಳ ವ್ಯಾಪಾರಿಗಳ ಕಣ್ಣು ಈ ಬೆಟ್ಟದ ಚರ್ಚುಗಳ ಮೇಲೆ ಬಿತ್ತು. ಅದೇ ಸೀಮೆಯ ಮುರ್ ಚರ್ಚಿನ ಚಿತ್ರಗಳು ಮಾರಾಟವಾಗಿ ಬೋಸ್ಟನ್ ಸೇರಿದವು. ಉಳಿದವೂ ಹೋದಾವೆಂದು ಬಾರ್ಸಿಲೋನಾದ ವಸ್ತುಸಂಗ್ರಹಾಲಯ ಮಂಡಳಿಯವರು ಇಟಲಿಯ ಕುಶಲಕರ್ಮಿಗಳನ್ನೇ ಕರೆಸಿದರು. ಗೋಡೆಗೆ ಅಂಟು ಬಳಿದು ಬಟ್ಟೆ ಹಚ್ಚುವುದು, ಒಣಗಿದ ಮೇಲೆ ಎಳೆದರೆ ಬಣ್ಣದ ಪದರವೇ ಬಟ್ಟೆಯೊಡನೆ ಎದ್ದು ಬರುವುದು. ಹೀಗೆ ಸುಲಿದ ಚಿತ್ರಗಳನ್ನು ಸುರುಳಿ ಸುತ್ತಿ ಕಣಿವೆಯಿಂದ ಇಳಿಸಿದರು. ಇಂದು ಅವು ಬಾರ್ಸಿಲೋನಾದ ಕತಲಾನ್ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿವೆ.

ಹಾಗೆ ಮಾಡದಿದ್ದರೆ ಅವು ಕಡಲಾಚೆ ಹೋಗುತ್ತಿದ್ದವು, ಒಪ್ಪುತ್ತೇನೆ. ಆದರೂ ತಾವುಲ್‌ನ ಗೋಡೆಯ ಬಗ್ಗೆ ನನ್ನ ಹೊಟ್ಟೆಯ ಸಂಕಟ ತಣಿಯುವುದಿಲ್ಲ. ಆ ಚಿತ್ರ ಆ ಬಾಗಿನ ಅಳತೆಗೆ, ಅಲ್ಲಿನ ಸಣ್ಣ ಕಿಟಕಿಯ ಬೆಳಕಿಗೆ, ಅಲ್ಲಿ ಮೊಣಕಾಲೂರುವವರ ಕಣ್ಣಿನ ಮಟ್ಟಕ್ಕೆ ಹುಟ್ಟಿದ್ದು.

2000ದಲ್ಲಿ ಕಣಿವೆಯ ಒಂಬತ್ತು ಚರ್ಚುಗಳು ಯುನೆಸ್ಕೋ ಪಟ್ಟಿ ಸೇರಿದವು. 2013ರಿಂದ ಕ್ಲೆಮೆಂಟರ ಚರ್ಚಿನಲ್ಲಿ ಹಳೆಯ ಚಿತ್ರವನ್ನು ಬೆಳಕಿನ ಕಿರಣಗಳಲ್ಲಿ ಅದೇ ಗೋಡೆಯ ಮೇಲೆ ಮೂಡಿಸುತ್ತಿದ್ದಾರೆ. ಗೆರೆ ಬರುತ್ತದೆ, ನೀಲಿ ತುಂಬುತ್ತದೆ, ಕ್ರಿಸ್ತನ ಕಣ್ಣು ತೆರೆಯುತ್ತದೆ. ದೀಪ ಆರಿದಾಗ ಮತ್ತೆ ಗಾರೆ, ಅಲ್ಲಲ್ಲಿ ಸುಲಿಯುವವರ ಕೈಗೆ ಸಿಗದೆ ಉಳಿದ ಬಣ್ಣದ ಚೂರು.